ಸೂರ್ಯ ಸತ್ತ ನಾಡನ್ನು ಕಟ್ಟಿದವನು

ನಮ್ಮೂರಲ್ಲಿ ಚಳಿ ಶುರುವಾಗುವ ಹೊತ್ತಿನ ಭಾನುವಾರಗಳಲ್ಲಿ ಟೀವಿ ಮುಂದೆ ಕೂತು ಫುಟ್‌ಬಾಲ್ ನೋಡದವರೆಂದರೆ ಮೂರೇ ಜನ. ಸ್ಮಶಾನದಲ್ಲಿ ಮಲಗಿದವರನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆ ಮೂವರು ವಿಸ್ಕಾನ್ಸಿನ್ ನದಿಯ ಆಚೆ ದಡದಲ್ಲಿ, ಡೆಲ್ಮರ್ ಹಿಂಟ್ಸನ ಮನೆಯ ನೆಲಮಾಳಿಗೆಯಲ್ಲಿ, ಜಿಂಕೆ ಮಾಂಸ ತುಂಬಿದ ಫ್ರೀಜರಿನ ಪಕ್ಕ ಮಡಚುವ ಮೇಜೊಂದನ್ನು ಹಾಕಿಕೊಂಡು, ಎಲ್ಲೂ ಇಲ್ಲದ ನಾಡೊಂದರಲ್ಲಿ ಅಲೆಯುತ್ತಿದ್ದರು. ಒಂದೆರಡು ವಾರವಲ್ಲ, ಇಪ್ಪತ್ತೆಂಟು ವರ್ಷ. ಅಷ್ಟರಲ್ಲಿ ಊರಿನ ಬೇರೆಯವರು ಮನೆ ಕಟ್ಟಿದರು, ಮಾರಿದರು, ಎರಡನೇ ಮದುವೆ ಮಾಡಿಕೊಂಡರು, ಫ್ಲಾರಿಡಾಕ್ಕೆ ಹೋಗಿ ಮೈ ಸುಟ್ಟುಕೊಂಡು ಬಂದರು. ಇವರು ಒಂಬತ್ತು ಊರಿನ ಆ ನಾಡಿನಲ್ಲಿ ನಾಲ್ಕು ಊರು ದಾಟಿ ಐದನೆಯದರ ಹೆಬ್ಬಾಗಿಲಿಗೆ ಬಂದು ನಿಂತಿದ್ದರು.

ಆಟ ಏನೆಂದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊದಮೊದಲು ಚರ್ಚಿನ ಹೆಂಗಸರು ಅದು ಸೈತಾನನ ಪೂಜೆ ಎಂದು ಗುಸುಗುಸು ಮಾಡಿದ್ದುಂಟು. ಆಮೇಲೆ ಅವರಲ್ಲೊಬ್ಬಳು ಕೇಕ್ ಕೊಡುವ ನೆಪ ಮಾಡಿಕೊಂಡು ನೆಲಮಾಳಿಗೆಗೆ ಇಳಿದು ನೋಡಿ ಬಂದಳು. "ಮೂರು ಜನ ಪೆನ್ಸಿಲ್ ಕಚ್ಕೊಂಡು ಕೂಡೋದು ಕಳೆಯೋದು ಮಾಡ್ತಾ ಕೂತಿದ್ದಾರೆ ಕಣ್ರೇ. ಸೈತಾನ ಬಂದಿದ್ರೂ ಬೇಜಾರಾಗಿ ಎದ್ದು ಹೋಗಿರ್ತಾನೆ" ಎಂದಳಂತೆ. ಅಲ್ಲಿಗೆ ಊರಿನವರಿಗೆ ಅದರ ಮೇಲಿದ್ದ ಕುತೂಹಲ ತೀರಿತು.

ಹಾಸಿಲ್ಲದ, ಕಾಯಿಯಿಲ್ಲದ ಆಟ ಅದು. ಒಬ್ಬ ಯಜಮಾನ ಇರುತ್ತಾನೆ. ನಾಡು ಅವನದು, ಅಲ್ಲಿಯ ಗಾಳಿ, ಗೋಡೆ, ಕಳ್ಳರು, ಹೆಣಗಳು ಎಲ್ಲ ಅವನವೇ. ಉಳಿದವರು ತಲಾ ಒಂದು ಪಾತ್ರ ಕಟ್ಟಿಕೊಂಡು, ಅದರ ಬಲ, ಗಾಯ, ಗಂಟುಮೂಟೆಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಯಜಮಾನ, "ಬಾಗಿಲ ಹಿಂದೆ ಏನೋ ಕೆರೀತಾ ಇದೆ, ಏನ್ ಮಾಡ್ತೀರಿ?" ಎನ್ನುತ್ತಾನೆ. ಅವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಹಾಗೆ ಹೇಳುತ್ತಾ, ಉರುಳಿಸುತ್ತಾ ವರ್ಷಗಳು ಹೋಗುತ್ತವೆ.

ಡೆಲ್ಮರ್ ಯಜಮಾನ. ಕಾಗದದ ಕಾರ್ಖಾನೆಯ ಮೂರನೇ ಯಂತ್ರದ ಮೇಲೆ ಇಪ್ಪತ್ತನಾಲ್ಕು ವರ್ಷ ದುಡಿದವನು. ಸುರುಳಿಯ ಕೊನೆಯಲ್ಲಿ ಉಳಿಯುವ ಕಾಗದವನ್ನು ಬೇಕಾದವರು ಮನೆಗೆ ಒಯ್ಯಬಹುದಿತ್ತು. ಎಲ್ಲರೂ ಅದನ್ನು ಮೇಜಿಗೆ ಹಾಸಲು, ಮೀನು ಸುತ್ತಲು ಒಯ್ದರೆ ಇವನು ಅದರ ಮೇಲೆ ನಾಡು ಬರೆದ. ನದಿ, ಸೇತುವೆ, ಸುರಂಗ, ಒಂಬತ್ತು ಊರಿನ ಬೀದಿಬೀದಿಯ ನಕ್ಷೆ. ಆ ನಕ್ಷೆಗಳನ್ನೆಲ್ಲ ಬಿಚ್ಚಿ ಹಾಸಿದರೆ ನಮ್ಮ ಶಾಲೆಯ ಆಟದ ಅಂಗಳ ಮುಚ್ಚಿಹೋಗುತ್ತಿತ್ತು.

ಆ ನಾಡಿನಲ್ಲಿ ಸೂರ್ಯ ನದಿಗೆ ಬಿದ್ದು ಸತ್ತು ಮುನ್ನೂರು ವರ್ಷವಾಗಿದೆ. ಊರಿಗೆ ಒಂದೇ ದೀಪ. ಅದು ಬರೀ ಎಣ್ಣೆಗೆ ಉರಿಯುವುದಿಲ್ಲ. ದಿನಕ್ಕೊಬ್ಬ ಸತ್ತವನ ಹೆಸರನ್ನು ಬತ್ತಿಯ ಹತ್ತಿರ ಬಾಯಿಟ್ಟು ಹೇಳಬೇಕು. ಹೇಳಿದ ಹೆಸರು ಸುಟ್ಟುಹೋಗುತ್ತದೆ. ಆಮೇಲೆ ಅವನನ್ನು ಹೆತ್ತವಳಿಗೂ ಅವನ ನೆನಪಿರುವುದಿಲ್ಲ. ಇವತ್ತು ಬೆಳಕು ಬೇಕೆಂದರೆ ಯಾರನ್ನು ಮರೆಯಬೇಕು ಎಂದು ಊರವರು ಪ್ರತಿದಿನ ಕೂತು ಜಗಳವಾಡುತ್ತಾರೆ. ತಿನ್ನುವುದು ಅಣಬೆಯ ರೊಟ್ಟಿ, ಸಾಕುವುದು ಕುರುಡು ಹಸು. ಕತ್ತಲಲ್ಲಿ ಆ ಹಸುಗಳು ಏನು ತಿನ್ನುತ್ತವೆ ಎಂಬುದೊಂದನ್ನೇ ಡೆಲ್ಮರ್ ಎರಡು ಚಳಿಗಾಲ ಕೂತು ಯೋಚಿಸಿದ್ದ.

"ಆ ಹಸುಗಳ ಹೊಟ್ಟೆ ಬಗ್ಗೆ ಇಷ್ಟು ತಲೆ ಕೆಡಿಸ್ಕೊಂಡಿದ್ದೀಯಲ್ಲ, ಈ ಮನೇಲಿರೋರು ಊಟ ಮಾಡಿದ್ರಾ ಅಂತ ಒಂದಿನ ಕೇಳಿದ್ಯಾ?" ಎಂದು ಹೆಂಡತಿ ಜಾಯ್ಸ್ ಮೇಲಿನಿಂದ ಕೂಗುತ್ತಿದ್ದಳು. ಅವನು ಕೆಟ್ಟವನಾಗಿರಲಿಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಸಂಬಳ ಸರಿಯಾಗಿ ತಂದು ಕೊಡುತ್ತಿದ್ದ. ಆದರೆ ಮನೆಯಲ್ಲಿದ್ದೂ ಇಲ್ಲದ ಗಂಡಸನ್ನು ಕಟ್ಟಿಕೊಂಡು ಏಗಿದವರಿಗೇ ಗೊತ್ತು ಅದರ ಸಂಕಟ.

ಮೇಜಿನ ಸುತ್ತ ಕೂರುತ್ತಿದ್ದವರಲ್ಲಿ ಒಬ್ಬ ಆರ್ನಿ ಲುಂಡ್, ಶಾಲೆಯ ಬಸ್ಸಿನ ಡ್ರೈವರು. ನೂರು ಮಾತಿಗೆ ಒಂದು ಮಾತಾಡುವ ಆಸಾಮಿ. ಇನ್ನೊಬ್ಬಳು ಬಾರ್ಬ್ ಟ್ರೇಡರ್. ಚೀಸ್ ಮಾಡುವ ಕಡೆ ಕೆಲಸ. ಕಚ್ಚಿದರೆ ಹಲ್ಲಿನ ಕೆಳಗೆ ಕೀಚ್ ಎನ್ನುವಷ್ಟು ತಾಜಾ ಚೀಸ್ ತುಂಡುಗಳ ಪೊಟ್ಟಣವನ್ನು ಪ್ರತಿ ಭಾನುವಾರ ಹಿಡಿದುಕೊಂಡು ಬರುತ್ತಿದ್ದಳು. ಆರ್ನಿ ಉಳಿಸಿದ ಮಾತುಗಳನ್ನೆಲ್ಲ ಅವಳೇ ಆಡುತ್ತಿದ್ದಳು.

ಈ ಆಟದ ಯಜಮಾನರೆಲ್ಲರೂ ತಮ್ಮ ಮುಂದೆ ಒಂದು ರಟ್ಟಿನ ಮರೆ ನಿಲ್ಲಿಸಿಕೊಂಡಿರುತ್ತಾರೆ. ಅದರ ಹಿಂದೆ ದಾಳ ಉರುಳಿಸಿ, ಬಿದ್ದ ಸಂಖ್ಯೆಯನ್ನು ಬಾಯಲ್ಲಿ ಹೇಳುತ್ತಾರೆ. ಆಡುವವರ ಮುಖ ಸಪ್ಪಗಾದದ್ದು ಕಂಡರೆ ಮೂರು ಬಿದ್ದದ್ದನ್ನು ಹದಿಮೂರು ಎಂದುಬಿಡುವುದು ಅವರಲ್ಲಿ ತೀರಾ ಮಾಮೂಲಿ. ಹಾಗಿದ್ದೂ ಪಾತ್ರ ಸತ್ತರೆ ಯಾವನೋ ಪೂಜಾರಿಗೆ ಚಿನ್ನ ಕೊಟ್ಟು ಎಬ್ಬಿಸಿಕೊಂಡು ಬರುತ್ತಾರೆ. ಡೆಲ್ಮರನ ನಾಡಿನಲ್ಲಿ ಅದೆಲ್ಲ ನಡೆಯುತ್ತಿರಲಿಲ್ಲ. ಪಾತ್ರದ ಮೈಯಲ್ಲಿ ರಕ್ತ ಮುಗಿದರೆ ಅವನು ಮರೆಯ ಹಿಂದೆ ಒಂದೇ ಸಲ ದಾಳ ಹಾಕುತ್ತಿದ್ದ. ಹನ್ನೊಂದು ಅಥವಾ ಮೇಲೆ ಬಿದ್ದರೆ ಉಸಿರಿದೆ. ಹತ್ತು ಅಥವಾ ಕೆಳಗೆ ಬಿದ್ದರೆ ಮುಗಿಯಿತು, ಹಾಳೆ ಹರಿ. ಸಂಖ್ಯೆ ಹೇಳಿದ ಮೇಲೂ ದಾಳವನ್ನು ಮುಟ್ಟದೆ ಬಿದ್ದಲ್ಲೇ ಬಿಡುತ್ತಿದ್ದ, ಬೇಕಾದವರು ಎದ್ದು ಬಂದು ನೋಡಿಕೊಳ್ಳಲಿ ಎಂದು. ಯಾರೂ ಎದ್ದು ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂದರೆ, ಅದಕ್ಕೆ ಅವನ ಮಗಳು ಕಾರಣ.

ಕೋರಿನ್‌ಗೆ ಆಗ ಹನ್ನೊಂದು ವರ್ಷ. ತೊಂಬತ್ತನಾಲ್ಕನೇ ಇಸವಿ. ಅಪ್ಪನ ಜೊತೆ ಹೊತ್ತು ಕಳೆಯಬೇಕೆಂದರೆ ನೆಲಮಾಳಿಗೆಗೇ ಇಳಿಯಬೇಕು ಎಂದು ಆ ಮಗುವಿಗೆ ಅರ್ಥವಾಗಿತ್ತು. ಟಿಲ್ಲಿ ಎಂಬ ಪಾತ್ರ ಮಾಡಿಕೊಂಡಳು. ದೀಪಸ್ತಂಭ ಹತ್ತಿ ಎಣ್ಣೆ ಕದ್ದು ಬಡವರಿಗೆ ಕೊಡುವ ಹುಡುಗಿ. ಆ ಹೊತ್ತಿಗೆ ಆಡಲು ಶುರುಮಾಡಿ ಒಂದೂವರೆ ವರ್ಷವಾಗಿತ್ತು. ಟಿಲ್ಲಿಯ ಚಿತ್ರ ಬರೆದು ಶಾಲೆಯ ಪುಸ್ತಕಗಳಿಗೆಲ್ಲ ಅಂಟಿಸಿಕೊಂಡಳು. ಒಂದು ಭಾನುವಾರ ಮೂರನೇ ಊರಿನ ಸ್ತಂಭದ ಮೇಲಿಂದ ಟಿಲ್ಲಿ ಜಾರಿಬಿದ್ದಳು. ಡೆಲ್ಮರ್ ಮರೆಯ ಹಿಂದೆ ದಾಳ ಹಾಕಿದ.

"ಮೂರು" ಎಂದ.

ಬಾರ್ಬ್ ಕೈಯಲ್ಲಿದ್ದ ಚೀಸ್ ತುಂಡನ್ನು ಕೆಳಗಿಟ್ಟಳು. ಕೋರಿನ್ ಅಪ್ಪನ ಮುಖವನ್ನೇ ನೋಡಿದಳು.

"ಅಪ್ಪಾ, ಇನ್ನೊಂದ್ಸಲ ಹಾಕು."

"ಇಲ್ಲ ಪುಟ್ಟಿ. ಬಿದ್ದಿದ್ದು ಬಿತ್ತು."

"ಒಂದೇ ಒಂದ್ಸಲ. ಯಾರೂ ಏನೂ ಅನ್ನಲ್ಲ. ಅಲ್ವಾ ಆರ್ನಿ ಮಾಮ?"

ಆರ್ನಿ ಬೂಟಿನ ದಾರ ನೋಡುತ್ತಾ ಕೂತ. ಡೆಲ್ಮರ್ ತಲೆ ಆಡಿಸಿದ. ಹುಡುಗಿ ಹಾಳೆಯನ್ನು ತಾನೇ ನಾಲ್ಕು ಚೂರು ಮಾಡಿ, ಒಂದರ ಮೇಲೊಂದು ಜೋಡಿಸಿಟ್ಟು, ಮೆಟ್ಟಿಲು ಹತ್ತಿ ಹೋದಳು. ಮತ್ತೆ ಆ ಮೆಟ್ಟಿಲು ಇಳಿಯಲಿಲ್ಲ. "ಒಂದು ಪ್ಲಾಸ್ಟಿಕ್ ದಾಳಕ್ಕೋಸ್ಕರ ಹೆತ್ತ ಮಗುನ ಅಳಿಸಿದ್ಯಲ್ಲ, ನೀನೂ ಒಬ್ಬ ತಂದೆನಾ?" ಎಂದು ಜಾಯ್ಸ್ ಅವತ್ತು ಕೂಗಾಡಲಿಲ್ಲ, ಮೆಲ್ಲಗೆ ಕೇಳಿದಳು. ಎರಡು ವರ್ಷದ ಮೇಲೆ ಮಗಳನ್ನು ಕರೆದುಕೊಂಡು ಡುಲೂತ್‌ಗೆ ಹೊರಟುಹೋದಳು. ಬಿಟ್ಟು ಹೋಗಲು ನೂರು ಕಾರಣಗಳಿದ್ದವು, ನಿಜ. ಆದರೆ ವಕೀಲರ ಎದುರು ಅವಳು ಮೊದಲು ಹೇಳಿದ್ದು ಇದನ್ನೇ.

ಅವತ್ತಿನಿಂದ ಆರ್ನಿಗೂ ಬಾರ್ಬ್‌ಗೂ ಆ ನಾಡು ನಿಜವಾಯಿತು. ಸ್ವಂತ ಮಗಳಿಗೇ ಸುಳ್ಳು ಹೇಳದವನು ನಮಗೇಕೆ ಹೇಳುತ್ತಾನೆ? ಅಲ್ಲಿಯ ಸಾವು ನಿಜವಾದ್ದರಿಂದ ಬದುಕೂ ನಿಜವಾಯಿತು. ಕತ್ತಲಲ್ಲಿ ಹೆಜ್ಜೆ ಇಡುವಾಗ ಅವರ ಅಂಗೈ ನಿಜವಾಗಿ ಬೆವರುತ್ತಿತ್ತು. ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ಚೀಸ್ ತೊಟ್ಟಿಯ ಮುಂದೆ ವಾರವಿಡೀ ಸಿಗದ ಯಾವುದೋ ಒಂದು ಅಲ್ಲಿ ಸಿಗುತ್ತಿತ್ತು.

ಆರ್ನಿಗೆ ನೀಲ್ ಎಂಬ ತಮ್ಮನಿದ್ದ. ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಡಿ ಓಡಿಸಲು ಹೋಗಿ ಮಂಜುಗಡ್ಡೆ ಒಡೆದು ಮುಳುಗಿಹೋದ. ಆರ್ನಿ ತನ್ನ ಪಾತ್ರಕ್ಕೆ ಆ ಹೆಸರನ್ನೇ ಇಟ್ಟು ಒಂಬತ್ತು ವರ್ಷ ಆಡಿದ್ದ. ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಆ ನೀಲ್ ಕೂಡ ಬಿದ್ದ. ಡೆಲ್ಮರ್ ದಾಳ ಹಾಕಿ, "ಒಂಬತ್ತು" ಎಂದ. ಆರ್ನಿ ಕೋಟೂ ಹಾಕಿಕೊಳ್ಳದೆ ಅಂಗಳಕ್ಕೆ ಹೋಗಿ ಹಿಮದಲ್ಲಿ ಕಾಲು ಗಂಟೆ ನಿಂತಿದ್ದು, ಒಳಗೆ ಬಂದು, ಹೊಸ ಹಾಳೆ ಕೇಳಿದ. ಎದ್ದು ಹೋಗುವಾಗಲೂ ಮರೆಯ ಹಿಂದೆ ಕಣ್ಣು ಹಾಯಿಸಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಕಾರ್ಖಾನೆ ಮುಚ್ಚಿತು. ಡೆಲ್ಮರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸುವ ಕೆಲಸಕ್ಕೆ ಸೇರಿದ. ಜನ ಅಂಗೈಯಗಲದ ಚೀಟಿ ತಂದು ಇದೇ ಹಳದಿ ಬೇಕು ಎನ್ನುತ್ತಿದ್ದರು, ಅವನು ಕಲಸಿ ಕೊಡುತ್ತಿದ್ದ. ಐವತ್ತಾರು ವಯಸ್ಸು, ಮಂಡಿ ನೋವು, ಒಬ್ಬನದೇ ಅಡಿಗೆ. ಕ್ರಿಸ್‌ಮಸ್ಸಿಗೆ ಮಗಳಿಂದ ಒಂದು ಕಾರ್ಡು. ಅದರಲ್ಲಿ ಅಚ್ಚಾದ ಮಾತುಗಳ ಕೆಳಗೆ ಅವಳ ಹೆಸರಷ್ಟೇ ಇರುತ್ತಿತ್ತು. ಅವನು ಪ್ರತಿ ವರ್ಷ ಅದನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದ್ದಾಳೋ ನೋಡುತ್ತಿದ್ದ.

ಎರಡು ಸಾವಿರದ ಹನ್ನೊಂದರ ಅಕ್ಟೋಬರಿನಲ್ಲಿ ಅವಳೇ ಫೋನ್ ಮಾಡಿದಳು.

"ಅಪ್ಪಾ, ನಮ್ಮ ಕ್ಲಿನಿಕ್ಕಲ್ಲಿ ಕೆಲವರು ಆ ಆಟ ಆಡ್ತಾರೆ. ಹಲ್ಲು ಡಾಕ್ಟ್ರು ಕೂಡ. ನಮ್ಮಪ್ಪ ಅದಕ್ಕೇ ಒಂದು ನಾಡು ಕಟ್ಟಿದ್ದಾರೆ ಅಂದೆ. ಯಾರೂ ನಂಬಲಿಲ್ಲ."

"ಹೌದಾ" ಎಂದ ಡೆಲ್ಮರ್.

"ಒಂದು ಭಾನುವಾರ ಬರ್ಲಾ? ಆಡೋಕೆ."

ಅವನು ಕುರ್ಚಿ ಹುಡುಕಿ ಕೂತುಕೊಂಡ. ಹದಿನೇಳು ವರ್ಷದಲ್ಲಿ ಅವಳು ಅವನನ್ನು ಏನನ್ನೂ ಕೇಳಿರಲಿಲ್ಲ. ಅವಳು ಒಂದು ಸಲ ಬಂದರೆ ಸಾಲದು, ಮತ್ತೆ ಬರಬೇಕು, ಬರುತ್ತಲೇ ಇರಬೇಕು. ಅವನಿಗೆ ಬೇಕಾದ್ದು ಅದೊಂದೇ. ಆ ಹತ್ತು ದಿನ ಬಣ್ಣ ಕಲಸುವಾಗೆಲ್ಲ ಅದೇ ಯೋಚನೆ. ಒಬ್ಬ ಗಿರಾಕಿಗೆ ನೀಲಿಯ ಬದಲು ಹಸಿರು ಕೊಟ್ಟು ಬೈಸಿಕೊಂಡ.

ನಾಲ್ಕು ಗಂಟೆ ಕಾರು ಓಡಿಸಿಕೊಂಡು, ಕುಂಬಳಕಾಯಿ ಬ್ರೆಡ್ ಮಾಡಿಕೊಂಡು ಕೋರಿನ್ ಬಂದಳು. ಬಾರ್ಬ್ ಅವಳನ್ನು ತಬ್ಬಿಕೊಂಡು, "ಎಷ್ಟು ಎತ್ತರ ಆಗ್ಬಿಟ್ಟಿದ್ದೀಯೇ, ನಿಮ್ಮಪ್ಪ ನೋಡಿದ್ರೆ ವರ್ಷಾ ವರ್ಷಾ ಗಿಡ್ಡ ಆಗ್ತಾವ್ನೆ" ಎಂದಳು. ಆರ್ನಿ ಎದ್ದು ನಿಂತು, ಕುಳಿತ. ಅದು ಅವನ ಮಟ್ಟಿಗೆ ದೊಡ್ಡ ಸ್ವಾಗತ.

ಕೋರಿನ್ ತನ್ನ ಪಾತ್ರವನ್ನು ಮನೆಯಲ್ಲೇ ಮಾಡಿಕೊಂಡು ಬಂದಿದ್ದಳು. ಸೂಲಗಿತ್ತಿ ಮಾರ್ಗಿಟ್. "ನಿನ್ನ ನಾಡಲ್ಲಿ ಎಲ್ರೂ ಸತ್ತೋರ ಬಗ್ಗೇನೇ ಮಾತಾಡ್ತಾರಲ್ಲಪ್ಪ. ಹುಟ್ಟೋರನ್ನ ನೋಡ್ಕೊಳ್ಳೋಕೆ ಒಬ್ರಾದ್ರೂ ಬೇಡ್ವಾ?" ಎಂದಳು. ಡೆಲ್ಮರ್ ಮೂವತ್ತು ಪುಸ್ತಕ ತುಂಬ ಬರೆದಿದ್ದ. ಕುರುಡು ಹಸುವಿನ ಮೇವಿನಿಂದ ಹಿಡಿದು ಹೆಣದ ಪೆಟ್ಟಿಗೆಯ ಮೊಳೆಯವರೆಗೆ ಅದರಲ್ಲಿ ಎಲ್ಲ ಇತ್ತು. ಒಬ್ಬ ಸೂಲಗಿತ್ತಿಯೂ ಇರಲಿಲ್ಲ.

ಅವಳು ಬಹಳ ಚೆನ್ನಾಗಿ ಆಡಿದಳು. ಆರ್ನಿಯ ಪಾತ್ರವನ್ನು ಗದರಿಸಿ ಬಿಸಿನೀರು ತರಿಸಿದಳು, ಬಾರ್ಬ್‌ಳ ಮುದಿ ಸೈನಿಕನ ಬಾಯಿ ಮುಚ್ಚಿಸಿದಳು. ಐದನೇ ಊರಿನ ಹೆಬ್ಬಾಗಿಲ ಬಳಿ, ಸೇತುವೆಯ ಕೆಳಗೆ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು. ಆ ನಾಡಿನ ಕತ್ತಲಲ್ಲಿ ಕಣ್ಣಿಲ್ಲದ, ಬರೀ ಕಿವಿಯ ಪ್ರಾಣಿಗಳಿವೆ. ಹುಟ್ಟಿದ ಮಗು ಅತ್ತರೆ ಆ ದನಿ ಹಿಡಿದು ಬರುತ್ತವೆ. ಮಗು ಹುಟ್ಟಿತು, ಅತ್ತಿತು. ಉಳಿದಿಬ್ಬರು ಸೇತುವೆಯ ಮೇಲಿದ್ದರು, ಬರಲಾಗಲಿಲ್ಲ.

"ಮಗು ಮೇಲೆ ಬೋರಲು ಮಲಗ್ತೀನಿ" ಎಂದಳು ಕೋರಿನ್.

"ಅವು ನಿನ್ನನ್ನ ಹರೀತಾವೆ" ಎಂದ ಡೆಲ್ಮರ್.

"ಹರೀಲಿ. ಮಗು ಉಳಿಯುತ್ತಲ್ಲ."

ಮೂರು ಸುತ್ತಿನಲ್ಲಿ ಮಾರ್ಗಿಟ್‌ಳ ರಕ್ತ ಮುಗಿಯಿತು. ಡೆಲ್ಮರ್ ಮರೆಯ ಹಿಂದೆ ದಾಳ ಹಾಕಿದ. ಅದು ಉರುಳಿ ಪೆನ್ಸಿಲಿಗೆ ತಾಗಿ ನಿಂತಿತು. ನಾಲ್ಕು.

ಅವನು ತಲೆ ಎತ್ತಿ ಮಗಳನ್ನು ನೋಡಿದ. ಇಪ್ಪತ್ತೆಂಟು ವರ್ಷದ ಹೆಂಗಸು, ಎರಡೂ ಕೈ ಮೇಜಿನ ಅಂಚು ಹಿಡಿದಿದ್ದವು. ಅವನು ದಾಳವನ್ನು ಎತ್ತಿ ಮುಷ್ಟಿಯೊಳಗೆ ಇಟ್ಟುಕೊಂಡ.

"ಹದಿನಾಲ್ಕು" ಎಂದ.

ಕೋರಿನ್ ಉಸಿರು ಬಿಟ್ಟು ನಕ್ಕಳು. ಕಣ್ಣೊರೆಸಿಕೊಂಡು, ತನ್ನ ಮೇಲೆ ತಾನೇ ನಾಚಿಕೊಂಡು, ಮತ್ತೆ ನಕ್ಕಳು. ಹೊರಡುವಾಗ ಕಾರಿನ ಹತ್ತಿರ ಅಪ್ಪನನ್ನು ತಬ್ಬಿಕೊಂಡಳು. ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಪ್ರತಿ ತಿಂಗಳು ಮೂರನೇ ಭಾನುವಾರ ಬರ್ತೀನಿ. ರಜ ಬರೆದಿಟ್ಕೊಂಡಿದ್ದೀನಿ. ನಿನಗೆ ಸರಿನಾ?" ಎಂದಳು. ಸರಿ ಎಂದ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದ. ಅಷ್ಟು ಸಂತೋಷವನ್ನು ಆ ಮನುಷ್ಯ ಅದಕ್ಕೆ ಮೊದಲು ಕಂಡಿರಲಿಲ್ಲ.

ಹಿಂದೆ ತಿರುಗಿದರೆ ಬಾರ್ಬ್, ಆರ್ನಿ ಇಬ್ಬರೂ ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು.

"ದಾಳ ಎತ್ಕೊಂಡೆ" ಎಂದಳು ಬಾರ್ಬ್.

"ಏನು?"

"ಏನೂ ಗೊತ್ತಿಲ್ಲದೋನ ಥರ ಆಡ್ಬೇಡ. ಇಪ್ಪತ್ತೆಂಟು ವರ್ಷದಲ್ಲಿ ಬಿದ್ದ ದಾಳನ ನೀನು ಮುಟ್ಟಿದ್ದನ್ನ ನಾನು ಕಂಡಿಲ್ಲ. ಇವತ್ತು ಹೇಳೋಕೆ ಮುಂಚೆನೇ ಎತ್ಕೊಂಡೆ."

ಡೆಲ್ಮರನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಒಂದು ಹೇಳಿದ್ದಕ್ಕೇ ಸುಸ್ತಾಗಿದ್ದ.

"ಅವಳು ನನ್ನ ಮಗಳು, ಬಾರ್ಬ್."

ಆಗ ಆರ್ನಿ ಮಾತಾಡಿದ. ಕಣ್ಣು ರಸ್ತೆಯ ಕಡೆಗಿತ್ತು. "ನೀಲ್‌ಗೆ ಒಂಬತ್ತು ಬಿತ್ತು ಅಂದೆ ನೀನು."

"ಒಂಬತ್ತೇ ಬಿದ್ದಿತ್ತು ಕಣೋ. ಆಣೆಗೂ."

"ಬಿದ್ದಿತ್ತೇನೋ. ಎರಡು ಜಾಸ್ತಿ ಹೇಳಿದ್ರೆ ಸಾಕಿತ್ತು. ಆಗಲ್ಲ ಅಂದ್ಕೊಂಡಿದ್ದೆ. ನಿನ್ನ ಕೈಲಿ ಅದು ಆಗೋದೇ ಇಲ್ಲ ಅಂದ್ಕೊಂಡು ಸಮಾಧಾನ ಮಾಡ್ಕೊಂಡೆ. ಈಗ ನೋಡಿದ್ರೆ ಆಗುತ್ತೆ."

ಅಷ್ಟು ಉದ್ದದ ಮಾತು ಆರ್ನಿ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಆಡಿ ಮುಗಿಸಿ ತನ್ನ ಗಾಡಿ ಹತ್ತಿ ಕುಳಿತ.

ಆ ಮೇಜಿಗೆ ಮೊದಲಿನಿಂದ ಒಂದು ಕಟ್ಟುಪಾಡು ಇತ್ತು. ಯಜಮಾನ ತಪ್ಪು ಮಾಡಿದರೆ, ಮುಂದಿನ ಭಾನುವಾರ ಮೊದಲ ದಾಳ ಬೀಳುವ ಮುಂಚೆ ಒಪ್ಪಿಕೊಳ್ಳಬಹುದು. ಒಪ್ಪಿಕೊಂಡರೆ ತಪ್ಪು ಅಳಿಸಿಹೋಗಿ, ಆಗಬೇಕಾದ್ದೇ ಆದಂತೆ. ಆದರೆ ಯಾರ ಹಾಳೆಯೋ ಅವರಿಗೆ ಮೊದಲು ಹೇಳಬೇಕು. ದೂರ ಅಳೆಯುವಲ್ಲಿ, ಬಾಣ ಎಣಿಸುವಲ್ಲಿ ಆದ ತಪ್ಪಿಗೆ ಅದನ್ನು ಬಳಸಿದ್ದರು. ಬಾರ್ಬ್ ಈಗ ಅದನ್ನು ನೆನಪಿಸಿದಳು.

"ಹೇಳೋದು ಬಿಡೋದು ನಿನಗೆ ಸೇರಿದ್ದು. ಹೇಳದಿದ್ರೆ ನಾವು ಬರಲ್ಲ, ಅಷ್ಟೆ. ಕೋಪ ಇಲ್ಲ ಕಣಯ್ಯಾ. ಬಂದು ಏನ್ ಮಾಡೋದು ಅಲ್ಲಿ?" ಎಂದಳು. ಅವಳ ದನಿಯಲ್ಲಿ ನಿಜವಾಗಿಯೂ ಕೋಪವಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಈಗ ಯಾವ ತಂದೆಯನ್ನು ಬೇಕಾದರೂ ನಿಲ್ಲಿಸಿ ಕೇಳಿ. ಒಂದು ಕಡೆ ಹದಿನೈದು ವರ್ಷದ ಮೇಲೆ ಮನೆಗೆ ಬಂದ ಮಗಳು. ಇನ್ನೊಂದು ಕಡೆ ರದ್ದಿ ಕಾಗದದ ಮೇಲಿನ ಗೀಟುಗಳು. ಯೋಚನೆ ಮಾಡುವ ವಿಷಯವೇ ಇದು? ಆ ಇಬ್ಬರನ್ನೂ ಅವರ ಪಾಡಿಗೆ ಬಿಟ್ಟು, ತಿಂಗಳಿಗೊಂದು ಭಾನುವಾರ ಮಗಳ ಜೊತೆ ಬೇರೆ ಏನಾದರೂ ಆಡಿಕೊಂಡು ಇರಬಹುದಿತ್ತು. ಇಸ್ಪೀಟು ಇದೆ, ಮೀನು ಹಿಡಿಯುವುದಿದೆ. ಡೆಲ್ಮರನೂ ಸೋಮವಾರ ಹಾಗೇ ಅಂದುಕೊಂಡ. ಮಂಗಳವಾರವೂ ಅಂದುಕೊಂಡ.

ಬುಧವಾರ ಕೆಲಸದಿಂದ ಬಂದು ನೆಲಮಾಳಿಗೆಗೆ ಇಳಿದು, ಆರನೇ ಊರಿನ ಪುಸ್ತಕ ತೆರೆದ. ಆ ಊರಿನ ದೀಪ ಕಾಯುವವಳಿಗೆ ಒಂದು ಕೈ ಇಲ್ಲ ಎಂದು ಬರೆದ. ನೋಡಿದ. ಎರಡೂ ಕೈ ಇದೆ ಎಂದು ತಿದ್ದಿದ. ಏನೂ ವ್ಯತ್ಯಾಸವಾಗಲಿಲ್ಲ. ಬೇಕಾದರೆ ನಾಳೆ ಸೂರ್ಯನನ್ನೇ ಹುಟ್ಟಿಸಬಹುದಿತ್ತು, ಕೇಳುವವರಿಲ್ಲ. ಇಪ್ಪತ್ತೆಂಟು ವರ್ಷ ಆ ನಾಡು ಅವನ ಮಾತು ಮೀರಿ ನಿಂತಿತ್ತು. ಅದಕ್ಕೇ ಅಲ್ಲಿ ಇರಲು ಸಾಧ್ಯವಾಗಿತ್ತು. ಗೋಡೆಗೆ ಅಂಟಿಸಿದ್ದ ನಕ್ಷೆಗಳು ಈಗ ಬರೀ ಕಾಗದ. ಅವನು ಮೂರನೇ ಯಂತ್ರದ ಮುಂದೆ ನಿಂತು ಕಂಡಿದ್ದ ಟನ್ನುಗಟ್ಟಲೆ ಕಾಗದದಂಥದೇ ಕಾಗದ. ಫ್ರೀಜರಿಗೆ ಒರಗಿ ನಿಂತು ಗಂಡಸು ಬಿಕ್ಕಿ ಬಿಕ್ಕಿ ಅತ್ತ.

ಶನಿವಾರ ಮಧ್ಯಾಹ್ನ ಮಗಳಿಗೆ ಫೋನ್ ಮಾಡಿದ.

"ಅಪ್ಪಾ" ಎಂದಳು, ದನಿಯಲ್ಲೇ ನಗು. "ನಾನೇ ಮಾಡೋಣ ಅಂತಿದ್ದೆ. ದಾಳ ತಗೊಂಡೆ ಗೊತ್ತಾ, ನನ್ನದೇ. ಆ ಮಗೂಗೆ ಏನು ಹೆಸರಿಡೋದು ಅಂತ ಕ್ಲಿನಿಕ್ಕಲ್ಲಿ ದೊಡ್ಡ ಜಗಳ ಆಯ್ತು."

"ಕೋರಿ, ಒಂದು ಮಾತು ಹೇಳ್ಬೇಕಿತ್ತು."

"ಹುಷಾರಾಗಿದ್ದೀಯಾ?"

"ಹುಷಾರಾಗಿದ್ದೀನಿ. ಅವತ್ತು ಮಾರ್ಗಿಟ್‌ಗೆ ಬಿದ್ದಿದ್ದು ಹದಿನಾಲ್ಕಲ್ಲ."

ಅತ್ತ ಕಡೆ ನಲ್ಲಿ ಹರಿಯುತ್ತಿದ್ದ ಸದ್ದು ನಿಂತಿತು.

"ಎಷ್ಟು?"

"ನಾಲ್ಕು."

"ಮತ್ತೆ ಹದಿನಾಲ್ಕು ಅಂದ್ಯಲ್ಲ."

"ಸುಳ್ಳು ಹೇಳ್ದೆ."

ಅವಳು ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು, ಮೃದುವಾಗಿತ್ತು. "ನನಗೋಸ್ಕರ ಹೇಳಿದ್ಯಾ?"

"ಹೂಂ."

"ಅಪ್ಪಾ... ಹಾಗಾದ್ರೆ ಬಿಡು. ನನಗೆ ಅಷ್ಟು ಸಾಕು. ನಿಜ ಹೇಳ್ತೀನಿ, ನನಗೆ ಅಷ್ಟು ಸಾಕು. ಅವಳು ಬದುಕಿದ್ದಾಳೆ ಅಂತಲೇ ಇರ್ಲಿ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಂದು ಮಾತಾಡದೆ, ಸರಿ ಮಗಳೇ ಎಂದು ಫೋನ್ ಇಟ್ಟಿದ್ದರೆ ಆ ಮನುಷ್ಯನ ಉಳಿದ ಬದುಕೇ ಬೇರೆಯಾಗುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ಎಂದು ಅವನ ಪರ ವಾದಿಸಲು ಯಾರಿಂದಲೂ ಆಗುವುದಿಲ್ಲ.

"ಇಲ್ಲ ಪುಟ್ಟಿ. ಅವಳು ಸತ್ತಿದ್ದಾಳೆ."

"ಯಾರು ಹೇಳಿದ್ದು?"

"ದಾಳ."

"ನೀನು ಹೇಳು ಅಪ್ಪ. ನೀನು ಏನ್ ಹೇಳ್ತೀಯ?"

"ನಾಳೆ ಬಾರ್ಬ್, ಆರ್ನಿ ಬರ್ತಾರೆ. ಅಷ್ಟರೊಳಗೆ ನಿನಗೆ ಹೇಳ್ಬೇಕಿತ್ತು. ಅದಕ್ಕೇ ಫೋನ್ ಮಾಡ್ದೆ."

ಅವಳು ಅಳಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ, ಬೈಯಲೂ ಇಲ್ಲ. "ಓ, ಅದಕ್ಕೇನಾ" ಎಂದಳು. "ನಾನು ಹುಚ್ಚಿ. ನಿನಗೆ ಆಗಲ್ಲ ಅಂತ ಚಿಕ್ಕೋಳಿದ್ದಾಗ್ಲೇ ಗೊತ್ತಾಗಿತ್ತು. ಮತ್ತೆ ಬಂದು ಕೇಳ್ದೆ ನೋಡು" ಎಂದಳು. ಇನ್ನು ಬರುವುದಿಲ್ಲ ಎಂದೂ, ಕಾರ್ಡು ಕೂಡ ಕಳಿಸುವುದಿಲ್ಲ, ತಪ್ಪು ತಿಳಿಯಬೇಡ ಎಂದೂ, ಮಂಡಿಗೆ ಡಾಕ್ಟರ ಹತ್ತಿರ ತೋರಿಸಿಕೋ ಎಂದೂ ಒಂದೇ ಸಮನಾದ ದನಿಯಲ್ಲಿ ಹೇಳಿದಳು. ಹೇಳಿದಂತೆಯೇ ನಡೆದುಕೊಂಡಳು. ಆ ವಿಷಯದಲ್ಲಿ ಅಪ್ಪನ ಮಗಳೇ.

ಡೆಲ್ಮರ್ ಬನ್ನಿ ಎಂದದ್ದಕ್ಕೆ ಭಾನುವಾರ ಒಂದು ಗಂಟೆಗೆ ಬಾರ್ಬ್, ಆರ್ನಿ ಬಂದರು. ಅವರು ಕೂತ ಮೇಲೆ ಡೆಲ್ಮರ್, "ಹೋದ ವಾರ ನಾಲ್ಕು ಬಿದ್ದಿತ್ತು. ಮಾರ್ಗಿಟ್ ಸತ್ತಳು. ಮಗಳಿಗೆ ಹೇಳಿದ್ದೀನಿ" ಎಂದ. ಬಾರ್ಬ್ ಅವನ ಮುಖ ನೋಡಿದಳು. ಏನಾಯಿತೆಂದು ಅವಳಿಗೆ ಅರ್ಥವಾಯಿತು. ಕೈ ಚಾಚಿ ಅವನ ಮುಂಗೈ ಹಿಡಿದು ಬಿಟ್ಟಳು. ಆರ್ನಿ ಪೆನ್ಸಿಲ್ ಚೂಪು ಮಾಡಿಕೊಂಡ.

ಸೇತುವೆಯ ಕೆಳಗೆ ಹರಿದ ಹೆಣದಡಿಯಲ್ಲಿ ಮಗು ಬದುಕಿತ್ತು. ಅದನ್ನು ಎತ್ತಿಕೊಂಡು, ಅಳದಂತೆ ಬಾಯಿಗೆ ಬೆರಳಿಟ್ಟು, ಮುದಿ ಸೈನಿಕನೂ ಅವನ ಜೊತೆಗಾರನೂ ಕತ್ತಲಲ್ಲಿ ಐದನೇ ಊರನ್ನು ಹೊಕ್ಕರು. ಆ ಊರಿನ ದೀಪಕ್ಕೆ ಅವತ್ತು ಒಂದು ಹೆಸರು ಬೇಕಾಗಿತ್ತು. ಹೊಸಬರು ಒಂದು ಹೆಸರು ಕೊಟ್ಟರೆ ಮಾತ್ರ ಒಳಗೆ ಜಾಗ. ಅವರ ಹತ್ತಿರ ಹೊಸದಾಗಿದ್ದ ಹೆಸರು ಒಂದೇ, ಮಾರ್ಗಿಟ್. ಕೊಡುವುದೋ ಬೇಡವೋ ಎಂದು ಇಬ್ಬರೂ ಎರಡು ಗಂಟೆ ಹೊಡೆದಾಡಿದರು. ಬಾರ್ಬ್ ಅತ್ತಳು, ಆರ್ನಿ ಮೇಜು ಗುದ್ದಿದ. ಮಧ್ಯೆ ಕೂತ ಡೆಲ್ಮರನ ಬಾಯಲ್ಲಿ ಆ ಊರಿನ ಬೀದಿಗಳು, ಬಾವಿಗಳು, ಮುದುಕಿಯರು ತಾವಾಗಿಯೇ ಬಂದು ನಿಂತರು. ಅವನು ಒಂದು ಸಲವೂ ಪುಸ್ತಕ ತೆರೆಯಲಿಲ್ಲ.

"ಇಷ್ಟು ವರ್ಷದಲ್ಲಿ ಇಂಥ ಆಟ ಆಗಿರ್ಲಿಲ್ಲ ಕಣೋ" ಎಂದಳು ಬಾರ್ಬ್ ಹೊರಡುವಾಗ. ಆರ್ನಿ ಡೆಲ್ಮರನ ಬೆನ್ನ ಮೇಲೆ ಕೈಯಿಟ್ಟು ಒಂದು ಕ್ಷಣ ಹಾಗೇ ನಿಂತು ಹೋದ.

ಡೆಲ್ಮರ್ ಮೇಲೆ ಬಂದು, ಕಾಫಿ ಲೋಟಗಳನ್ನು ತೊಟ್ಟಿಗೆ ಹಾಕಿ ನಲ್ಲಿ ತಿರುಗಿಸಿದ. ಹೊರಗೆ ಯಾರ ಮನೆಯಲ್ಲೋ ಫುಟ್‌ಬಾಲ್ ಗೆದ್ದ ಗದ್ದಲ ಕೇಳುತ್ತಿತ್ತು. ಎರಡು ಲೋಟ ತೊಳೆದು ಮೂರನೆಯದನ್ನು ಕೈಗೆತ್ತಿಕೊಂಡಾಗ ತಾನು ಸಿಳ್ಳೆ ಹಾಕುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ನಾಚಿಕೆಯಿಂದ ಮುಖ ಕಾದುಹೋಗಿ ಥಟ್ಟನೆ ನಿಲ್ಲಿಸಿದ. ಲೋಟ ತೊಳೆದು ಬಟ್ಟೆಯಲ್ಲಿ ಒರೆಸುವಷ್ಟರಲ್ಲಿ ಅದು ಮತ್ತೆ ತಾನಾಗಿ ಬಾಯಿಗೆ ಬಂತು.